ಕ್ಯಾಷ್ ಕೌಂಟರಿನವರಿಗೇ ಟೋಪಿ

ಪತ್ರ: ಬ್ಯಾಂಕಿನಲ್ಲಿ ಮೂವತ್ತು ವರ್ಷ ಬೇರೆಯವರ ದುಡ್ಡು ಎಣಿಸಿ ರಿಟೈರ್ ಆದವಳು ನಾನು. ಮೊನ್ನೆ ಸಂಜೆ ಮೊಬೈಲಿಗೆ ಮೆಸೇಜ್ ಬಂತು. ‘ಕರೆಂಟ್ ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ 9.30ಕ್ಕೆ ಲೈನ್ ಕಟ್.’ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅವನು ವಾಟ್ಸಾಪ್‌ನಲ್ಲಿ ಕಳಿಸಿದ ಆ್ಯಪ್ ಹಾಕಿಕೊಂಡು ಹತ್ತು ರೂಪಾಯಿ ಕಟ್ಟಿದೆ. ಹೋಗಿದ್ದು 48,000. ಮಗನಿಗೆ ಹೇಳಿಲ್ಲ. ನಾನೇ ಹೇಗೆ ಮೋಸ ಹೋದೆ?
– ಓದುಗರು, ಜಯನಗರ

ಅಮ್ಮಾ, ಉತ್ತರ ಆಮೇಲೆ. ಮೊದಲು 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಯ ಸಹಾಯವಾಣಿ. ಕದ್ದ ದುಡ್ಡು ಒಂದೇ ಖಾತೆಯಲ್ಲಿ ಕೂರುವುದಿಲ್ಲ. ಯಾರ್ಯಾರದೋ ಬಾಡಿಗೆ ಖಾತೆಗಳಿಗೆ ಹಾರುತ್ತಾ ಹೋಗುತ್ತದೆ. ದೂರು ದಾಖಲಾದರೆ ಬ್ಯಾಂಕುಗಳು ಆ ಜಾಡು ಹಿಡಿದು, ಇನ್ನೂ ಡ್ರಾ ಆಗದೆ ಉಳಿದದ್ದನ್ನು ತಡೆಹಿಡಿಯುತ್ತವೆ. ಮೊದಲ ಒಂದೆರಡು ಗಂಟೆಗೇ ಬೆಲೆ ಜಾಸ್ತಿ, ನಿಜ. ಆದರೂ ಈಗಲೇ ಮಾಡಿ. ನಿಮ್ಮ ಬ್ಯಾಂಕಿಗೂ ತಿಳಿಸಿ. 2017ರ ಆರ್‌ಬಿಐ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕರದ್ದೇ ಆಗಿದ್ದರೂ ದೂರು ಕೊಟ್ಟ ಮೇಲೆ ಆಗುವ ನಷ್ಟ ಬ್ಯಾಂಕಿನ ತಲೆಗೆ. ಬ್ಯಾಂಕಿನವರಾದ ನಿಮಗೆ ಇದನ್ನು ಹೇಳಬೇಕಿಲ್ಲ, ಆದರೂ ಹೇಳಿದೆ.

ಫೋನ್ ಮಾತ್ರ ಬೇರೆಯವರದ್ದು ಬಳಸಿ. ಹೋಗಿದ್ದು ಹತ್ತು ರೂಪಾಯಿಯ ದಾರಿಯಲ್ಲಿ ಅಲ್ಲ, ಆ ಆ್ಯಪ್‌ನ ದಾರಿಯಲ್ಲಿ. ಅಂಥ ಎಪಿಕೆ ಫೈಲ್ (ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲ್) ಹಾಕಿಕೊಳ್ಳುವಾಗ ಮೆಸೇಜ್ ಓದಲು ಅನುಮತಿ ಕೇಳುತ್ತದೆ. ನಾವು ಸುಮ್ನೆ ಒತ್ತುತ್ತೇವೆ. ಆಮೇಲೆ ಬರುವ ಒಟಿಪಿ ಎಲ್ಲಾ ಅವನಿಗೂ ಕಾಣುತ್ತದೆ. ಹಾಗಾಗಿ ನಿಮ್ಮ ಫೋನಿನ ನೆಟ್ ಆಫ್ ಮಾಡಿ, ತಿಳಿದವರಿಂದ ಆ್ಯಪ್ ತೆಗೆಸಿ, ಪಾಸ್‌ವರ್ಡ್‌ಗಳನ್ನು ಬದಲಿಸಿ.

ಇನ್ನು ನಿಮ್ಮ ಪ್ರಶ್ನೆ. ನಿಮ್ಮನ್ನು ಕೆಡವಿದ್ದು ಪೆದ್ದುತನ ಅಲ್ಲ, ಆ ‘9.30’. ರಾತ್ರಿ ಒಂಬತ್ತೂವರೆಗೆ ಫ್ಯೂಸ್ ಕೀಳಲು ಯಾವ ಲೈನ್‌ಮನ್ ಬರ್ತಾನೆ? ಆರಾಮಾಗಿ ಕೂತಿದ್ದರೆ ನಿಮಗೇ ನಗು ಬರುತ್ತಿತ್ತು. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಕೇಳುತ್ತಿದ್ದಿರಿ. ಗಡುವು ಕೊಟ್ಟರೆ ಆ ನಗುವಿಗೇ ಪುರುಸೊತ್ತು ಇರುವುದಿಲ್ಲ. ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸುವವರದ್ದೂ ಇದೇ ವಿದ್ಯೆ. ವಿಡಿಯೊ ಕಾಲ್‌ನಲ್ಲಿ ಖಾಕಿ ತೋರಿಸಿ, ಯಾರಿಗೂ ಹೇಳಬೇಡಿ, ಫೋನ್ ಇಡಬೇಡಿ ಎನ್ನುತ್ತಾರೆ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ.

ಮರ್ಯಾದೆ ಬಿಟ್ಟು ನನ್ನದೂ ಹೇಳಿಬಿಡುತ್ತೇನೆ. ಹಳೇ ಮಂಚ ಮಾರಲು ಆನ್‌ಲೈನ್‌ನಲ್ಲಿ ಹಾಕಿದ್ದೆ. ಮಿಲಿಟರಿಯವನು ಅಂದವನೊಬ್ಬ ಚೌಕಾಸಿಯನ್ನೇ ಮಾಡದೆ ಒಪ್ಪಿದ. ಅಲ್ಲೇ ಅನುಮಾನ ಬರಬೇಕಿತ್ತು, ಅಲ್ವಾ? ‘ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ’ ಅಂದ. ಹಾಕಿದೆ. ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡಲು, ಪಡೆಯಲು ಬೇಕೇ ಇಲ್ಲ. ಇದನ್ನು ಇದೇ ಪತ್ರಿಕೆಯಲ್ಲಿ ಅಚ್ಚು ಹಾಕಿದ್ದವನೂ ನಾನೇ. ಎರಡು ಸಾವಿರ ಹೋಯಿತು. ಹೆಂಡತಿಗೆ ಹೇಳಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಅವನಿಗೆ ಕೊಟ್ಟ ಬೋನಸ್.

ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗುವಾಗ ಮೆಸೇಜಿನ ಸ್ಕ್ರೀನ್‌ಶಾಟ್, ಬ್ಯಾಂಕ್ ಸ್ಟೇಟ್‌ಮೆಂಟ್, 1930ರವರು ಕೊಟ್ಟ ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಮಗನನ್ನೂ ಕರೆದುಕೊಂಡು ಹೋಗಿ. ಬಾಯಿಬಿಟ್ಟು ಹೇಳಲು ಮುಜುಗರವಾದರೆ ಈ ಪುಟವನ್ನು ಅವನ ಕಾಫಿ ಲೋಟದ ಪಕ್ಕ ಇಡಿ. ಮಂಚ ಇನ್ನೂ ನಮ್ಮ ಮನೆಯಲ್ಲೇ ಇದೆ, ಬೇಕಿದ್ದರೆ ತಿಳಿಸಿ. ನಗದು ಮಾತ್ರ.

– ಸಂ.