ಕನಸು ಅಂತ ಗೊತ್ತಾದ ಕೂಡಲೇ ಎಚ್ಚರ ಆಗುತ್ತದೆ, ಏನು ಮಾಡಲಿ?

"ಲೂಸಿಡ್ ಡ್ರೀಮ್ ಬೀಳುತ್ತದೆ, ಆದರೆ ಇದು ಕನಸು ಅಂತ ಗೊತ್ತಾಗಿ ಹತ್ತು ಎಣಿಸುವಷ್ಟರಲ್ಲಿ ಎಚ್ಚರ ಆಗಿಬಿಡುತ್ತದೆ" ಅಂತ ಕೇಳಿದ್ದೀರಿ. ಕನಸು ಕಾಣುತ್ತಿರುವಾಗಲೇ ಇದು ಕನಸು ಅಂತ ಗೊತ್ತಾಗುವುದಕ್ಕೆ ಲೂಸಿಡ್ ಡ್ರೀಮ್ ಅನ್ನುತ್ತಾರೆ. ನನಗೂ ಸುಮಾರು ದಿನ ಹೀಗೇ ಆಗುತ್ತಿತ್ತು.

ನಾನು ಕಲಬುರಗಿಯವನು. ಬೇಸಿಗೆ ಬಂತೆಂದರೆ ನಾವೆಲ್ಲ ಮಾಳಗಿ ಮೇಲೆ ಮಲಗುತ್ತೇವೆ. ಒಂದು ನಸುಕಿನಲ್ಲಿ ಕೋಟೆಯೊಳಗಿನ ಜಾಮಿ ಮಸೀದಿ ಕನಸಿಗೆ ಬಂತು. ಕಮಾನಿನ ಹಿಂದೆ ಕಮಾನು ದಾಟುತ್ತಾ ಹೋದರೆ ನಡುವೆ ಬಯಲು ಅಂಗಳ, ಮೇಲೆ ಚುಕ್ಕಿ. ಅಲ್ಲಿ ಅಂಗಳವೇ ಇಲ್ಲವಲ್ಲ! 1367ರ ಆ ಮಸೀದಿಗೆ ಪೂರ್ತಿ ಚಾವಣಿ ಇದೆ, ಅದೇ ಅದರ ವಿಶೇಷ. ಹಾಗಾದರೆ ಇದು ಕನಸು! ಖುಷಿಗೆ ಎದೆ ಡವಡವ ಅಂತು. ಒಂದು ಚುಕ್ಕಿಯನ್ನೇ ದಿಟ್ಟಿಸಿದೆ. ಎಲ್ಲ ಮಸುಕಾಗಿ ಹಾಸಿಗೆಯಲ್ಲಿದ್ದೆ.

ಆಮೇಲೆ ತಿಳಿಯಿತು, ನಾನು ಎರಡು ತಪ್ಪು ಮಾಡಿದ್ದೆ. ಗಡಿಬಿಡಿ ಒಂದು, ಒಂದೇ ಕಡೆ ನೋಟ ನೆಟ್ಟಿದ್ದು ಇನ್ನೊಂದು. ಅರಿವು ಬಂದರೆ ನಿದ್ದೆ ಕೆಡಲೇಬೇಕು ಅಂತೇನಿಲ್ಲ. 1975ರಲ್ಲಿ ಇಂಗ್ಲೆಂಡಿನ ಹಲ್ ಊರಿನಲ್ಲಿ ಕೀತ್ ಹರ್ನ್ ಎಂಬ ಸಂಶೋಧಕರು ಇದನ್ನು ದಾಖಲಿಸಿದರು. ಅಲನ್ ವರ್ಸ್ಲಿ ಎಂಬುವರು ಇದು ಕನಸು ಅಂತ ಗೊತ್ತಾದಾಗ ನಿದ್ದೆಯಲ್ಲೇ, ಮೊದಲೇ ಮಾತಾಡಿಕೊಂಡ ಹಾಗೆ ಕಣ್ಣುಗುಡ್ಡೆ ಆಡಿಸಿ ಸನ್ನೆ ಮಾಡಿದರು. ಕನಸಿನ ಹೊತ್ತಲ್ಲಿ ಕೈಕಾಲು ಸಡಿಲಾಗಿರುತ್ತವೆ, ಕಣ್ಣು ಮಾತ್ರ ಆಡುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಕೈ. ಕನಸು ಮಸುಕಾಗತೊಡಗಿದರೆ ಕನಸಿನಲ್ಲೇ ಎರಡೂ ಅಂಗೈ ಉಜ್ಜಬೇಕು. ಇದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕನಸಿನ ಬಗ್ಗೆ ಸಂಶೋಧನೆ ಮಾಡಿದ ಸ್ಟೀಫನ್ ಲಾಬರ್ಜ್ ಹೇಳಿಕೊಟ್ಟ ಉಪಾಯ. ನಿಂತಲ್ಲೇ ಗಿರಗಿರ ತಿರುಗಿ ಅಂತಲೂ ಅವರು ಹೇಳುತ್ತಾರೆ, ನನಗೆ ಅದು ಒಗ್ಗಲಿಲ್ಲ. ಮನಸ್ಸು ಕನಸಿನ ಮೈಯಲ್ಲಿ ತೊಡಗಿದಷ್ಟು ಹೊತ್ತು ಹಾಸಿಗೆಯ ಮೈ ನೆನಪಾಗುವುದಿಲ್ಲ, ಅಷ್ಟೇ. ಇನ್ನೊಂದು ಸಲ ಅದೇ ಮಸೀದಿ ಬಂದಾಗ ಹಾಗೇ ಉಜ್ಜಿದೆ. ಅಂಗೈ ಬೆಚ್ಚಗಾಯಿತು. ಪಕ್ಕದ ಕಂಬ ಮುಟ್ಟಿದೆ, ತಣ್ಣಗೆ, ತರಿತರಿ. ಬೆರಳಿಗೆ ಸುಣ್ಣ ಅಂಟಿತು. ಅದನ್ನು ತಿಕ್ಕಿ ನೋಡುತ್ತಾ ಸಾವಕಾಶ ನಡೆದೆ. ಒಂದು ಕಂಬ ನೋಡಿದೆ, ನೆಲ ನೋಡಿದೆ, ಮತ್ತೆ ಕಂಬ. ಕಣ್ಣು ಎಲ್ಲೂ ನಿಲ್ಲಲು ಬಿಡಲಿಲ್ಲ. ಎಷ್ಟೋ ಹೊತ್ತು ಅಲ್ಲೇ ಇದ್ದೆ!

ಎಚ್ಚರ ಆಯಿತು ಅನ್ನಿಸಿದರೆ ತಟ್ಟನೆ ಏಳಬೇಡಿ. ಕಣ್ಣು ಮುಚ್ಚಿಕೊಂಡು, ಮೈ ಅಲುಗಿಸದೆ ಸುಮ್ನೆ ಇರಿ. ಕೆಲವು ಸಲ ಅದೇ ಕನಸಿಗೆ ವಾಪಸ್ ಹೋಗಬಹುದು. ಎದ್ದ ಮೇಲೂ ಬಾಯಿ ಮುಚ್ಚಿ, ಮೂಗು ಒತ್ತಿ ಹಿಡಿದು ಉಸಿರೆಳೆದು ನೋಡಿ. ಉಸಿರು ಬಂತಾ? ಹಾಗಾದರೆ ಇನ್ನೂ ಕನಸಿನಲ್ಲೇ ಇದ್ದೀರಿ. ನಾನು ಒಮ್ಮೆ ಮಾಳಗಿಯಿಂದ ಇಳಿದು, ನೀರು ಕುಡಿದು, ಆಮೇಲೆ ನಿಜವಾಗಿ ಎದ್ದಿದ್ದೆ.

ಹೊತ್ತೂ ಮುಖ್ಯ. ಕನಸಿನ ನಿದ್ದೆ ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ, ಬೆಳಗಿನ ಜಾವ ಹೆಚ್ಚು ಹೊತ್ತು ಇರುತ್ತದೆ. ಮಲಗಿ ಐದು ತಾಸಿಗೆ ಎದ್ದು, ಅರ್ಧ ತಾಸು ಕೂತು, ಮತ್ತೆ ಮಲಗಿ. ಮರುದಿನ ರಜೆ ಇದ್ದಾಗ ಮಾತ್ರ ಮಾಡಿ, ನಿದ್ದೆ ಕೆಡಿಸಿಕೊಂಡು ಬೇಡ.

ಇವತ್ತು ರಾತ್ರಿ ಮಲಗುವ ಮುಂಚೆ ಒಂದು ನಿಮಿಷ ಅಂಗೈ ಉಜ್ಜಿ. ಆ ಬಿಸಿ, ಆ ಸಪ್ಪಳ ಗಮನಿಸಿ. ಕನಸಿನಲ್ಲಿ ಹುಡುಕಬೇಕಾದದ್ದು ಅದನ್ನೇ.