‘ಕ್ಲೀನರ್’ ಮೀನು ಟ್ಯಾಂಕ್ ತೊಳೆಯುತ್ತಾ?

ಪ್ರಶ್ನೆ: ಸರ್, ನೀಲಿ ಮೈಗೆ ಉದ್ದಕ್ಕೂ ಕಪ್ಪು ಪಟ್ಟೆ ಇರೋ ಕ್ಲೀನರ್ ಮೀನು ಬಿಟ್ಟರೆ ಟ್ಯಾಂಕ್ ತೊಳೆಯೋದೇ ಬೇಡ ಅಂತ ಅಂಗಡಿಯವರು ಹೇಳಿದರು. ಎರಡು ತರಲಾ? (ಕಲಬುರಗಿ)

ತರಬೇಡಿ. ಇದನ್ನೇ ಎಷ್ಟು ಸಲ ಬರೆಯಲಿ? ನೀವು ಹೇಳುವ ಕ್ಲೀನರ್ ಮೀನಿನ ಹೆಸರು ಕ್ಲೀನರ್ ರಾಸ್, ಬೆರಳುದ್ದದ ಸಮುದ್ರದ ಮೀನು. ಪಾಚಿಯನ್ನು ಮೂಸಿಯೂ ನೋಡುವುದಿಲ್ಲ. ಅದು ಸ್ವಚ್ಛ ಮಾಡುವುದು ಬೇರೆ ಮೀನುಗಳ ಮೈಯನ್ನು, ನಿಮ್ಮ ಗಾಜನ್ನಲ್ಲ. ಲಕ್ಷದ್ವೀಪ, ಅಂಡಮಾನಿನ ಹವಳದ ದಿಬ್ಬಗಳಲ್ಲಿ ಒಂದು ಜಾಗ ಹಿಡಿದು, ಕಟಿಂಗ್ ಅಂಗಡಿ ಇಟ್ಟವರ ಹಾಗೆ ಕೂತಿರುತ್ತದೆ. ದೊಡ್ಡ ಮೀನುಗಳು ತಾವಾಗಿಯೇ ಬಂದು ಸರದಿ ಕಾಯುತ್ತವೆ. ಬಾಯಿ ತೆರೆದು, ಕಿವಿರು ಅಗಲಿಸಿ ನಿಲ್ಲುತ್ತವೆ. ಇದು ಬಾಯೊಳಗೇ ಹೋಗಿ ರಕ್ತ ಹೀರುವ ಹುಳುಗಳನ್ನು ಹೆಕ್ಕಿ ತಿನ್ನುತ್ತದೆ. ಒಂದು ಕ್ಲೀನರ್ ಮೀನಿಗೆ ದಿನಕ್ಕೆ ಸುಮಾರು 1,200 ಹುಳು ಬೇಕು. ಮೂರಡಿ ಟ್ಯಾಂಕಿನಲ್ಲಿ ಅಷ್ಟನ್ನು ಎಲ್ಲಿಂದ ತರುತ್ತೀರಿ? ತಂದವರ ಮನೆಯಲ್ಲಿ ಬಹುಪಾಲು ಸೊರಗಿಯೇ ಸಾಯುತ್ತವೆ.

ಪಾಪದ ಮೀನು ಅಂದುಕೊಳ್ಳಲೂಬೇಡಿ. ಹುಳುವಿಗಿಂತ ಗಿರಾಕಿಯ ಮೈಮೇಲಿನ ಲೋಳೆಯೇ ಇದಕ್ಕೆ ಜಾಸ್ತಿ ರುಚಿ. ನಮಗೆ ಜೋಳದ ರೊಟ್ಟಿ ಪಕ್ಕ ಶೇಂಗಾ ಹೋಳಿಗೆ ಇದ್ದ ಹಾಗೆ. ಸಮಯ ನೋಡಿ ಲೋಳೆ ಕಚ್ಚುತ್ತದೆ. ಗಿರಾಕಿ ಬೆಚ್ಚಿ ಅಟ್ಟಿಸಿಕೊಂಡು ಬರುತ್ತದೆ, ಇಲ್ಲವೇ ಬೇರೆ ‘ಅಂಗಡಿ’ ಹುಡುಕುತ್ತದೆ. ಜೋಡಿಯಾಗಿ ಕೆಲಸ ಮಾಡುವಾಗ ಹೆಣ್ಣು ಕಚ್ಚಿದರೆ ಗಂಡೇ ಅದರ ಬೆನ್ನು ಹತ್ತುತ್ತದೆ. ಗಿರಾಕಿ ಹೋಯಿತಲ್ಲ ಅಂತ ಸಿಟ್ಟು! ಸಮುದ್ರದಲ್ಲಾದರೆ ಗಿರಾಕಿಗೆ ಓಡಿಹೋಗಲು ಜಾಗ ಇದೆ. ಟ್ಯಾಂಕಿನಲ್ಲಿ ಹಸಿದ ಕ್ಲೀನರ್ ಉಳಿದ ಮೀನುಗಳನ್ನು ನೆಮ್ಮದಿಯಾಗಿ ಇರಲು ಬಿಡುವುದಿಲ್ಲ.

ಪಾಚಿಗೆ ಹಳೇ ಎಟಿಎಂ ಕಾರ್ಡ್ ಸಾಕು. ನೀವೇ ಕೆರೆಯಿರಿ.

ಪ್ರಶ್ನೆ: ಬೋರ್ ನೀರಿಗೆ ಅಡುಗೆ ಉಪ್ಪು ಹಾಕಿದರೆ ಈ ಸಮುದ್ರದ ಮೀನು ಬದುಕುತ್ತಾ? (ಶಹಾಬಾದ್)

ಇಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದು ಬರೀ ಅಡುಗೆ ಉಪ್ಪಲ್ಲ, ಅದರಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ ಎಲ್ಲ ಸೇರಿರುತ್ತವೆ. ನಾಲ್ಕು ಹನಿ ಹಾಕಿದರೆ ಬೋರ್ ನೀರು ಸಮುದ್ರವಾಗುತ್ತದೆ ಅಂತ ಬಾಟಲಿ ಮಾರಲು ಬರುವವರನ್ನು ಬಾಗಿಲಲ್ಲೇ ವಾಪಸ್ ಕಳಿಸಿ.

ಪ್ರಶ್ನೆ: ಕ್ಲೀನರ್ ಮೀನಿನ ಗಂಡು–ಹೆಣ್ಣು ಜೋಡಿಗೆ ಜಾಸ್ತಿ ರೇಟ್ ಕೇಳುತ್ತಾರೆ, ಕೊಡಬಹುದಾ? (ಸೇಡಂ)

ಈ ಜಾತಿಯಲ್ಲಿ ಗಂಡು ಸತ್ತರೆ ಗುಂಪಿನ ದೊಡ್ಡ ಹೆಣ್ಣೇ ಗಂಡಾಗುತ್ತದೆ. ಸುಮ್ನೆ ಯಾಕೆ ದುಡ್ಡು ಕೊಡುತ್ತೀರಿ?

ಪ್ರಶ್ನೆ: ವಾಸ್ತು ಪ್ರಕಾರ ಟ್ಯಾಂಕ್ ಯಾವ ಮೂಲೆಗಿಡಬೇಕು? (ಆಳಂದ)

ಬಿಸಿಲು ಬೀಳದ ಮೂಲೆಗೆ. ಮೇ ತಿಂಗಳಲ್ಲಿ ನಮ್ಮ ಕಡೆ 42 ಡಿಗ್ರಿ ದಾಟುತ್ತದೆ, ಅಲ್ವಾ?