ಬೇಕಂತ ಮಾಡದೇ ಇದ್ರೂ ಆಫೀಸ್ ರೂಲು ತಾರತಮ್ಯ ಆಗುತ್ತಾ?

ಹೌದು, ಅಮೆರಿಕದ ಕಾನೂನಲ್ಲಿ ಆಗಬಹುದು, ಕೆಟ್ಟ ಉದ್ದೇಶ ಇತ್ತು ಅಂತ ಪ್ರೂವ್ ಮಾಡ್ಲೇಬೇಕು ಅಂತಿಲ್ಲ. 1971ರ ಗ್ರಿಗ್ಸ್ ಕೇಸ್ ನೋಡಿ, ನಾರ್ತ್ ಕೆರೊಲಿನಾದ ಡ್ಯೂಕ್ ಪವರ್ ಕಂಪನಿ ಒಳ್ಳೆ ಕೆಲಸಗಳಿಗೆ ಹೈಸ್ಕೂಲ್ ಸರ್ಟಿಫಿಕೇಟು, ಜೊತೆಗೆ ಟೆಸ್ಟು ಅಂತ ಇಟ್ಟಿತ್ತು, ರೂಲು ಎಲ್ರಿಗೂ ಒಂದೇ, ಆದ್ರೆ ಹೊರಗೆ ಉಳಿದವ್ರು ಹೆಚ್ಚಾಗಿ ಕಪ್ಪು ವರ್ಣೀಯರು, ಮತ್ತೆ ಅದೇ ಕೆಲಸಾನ ಸರ್ಟಿಫಿಕೇಟಿಲ್ಲದ ಬಿಳಿಯರು ಮೊದಲಿಂದ ಚೆನ್ನಾಗೇ ಮಾಡ್ತಿದ್ರು! ಸುಪ್ರೀಂ ಕೋರ್ಟ್ ಆ ರೂಲನ್ನ ಒಪ್ಪಲಿಲ್ಲ. ಸರಿಯಾದ ತೀರ್ಪೇ ಅನ್ಸುತ್ತೆ ನಂಗೆ, ಕೆಲಸ ತಪ್ಪಿದವ್ರಿಗೆ ಆಗೋ ನಷ್ಟ ಉದ್ದೇಶ ಇದ್ರೂ ಇಲ್ದಿದ್ರೂ ಒಂದೇ ಅಲ್ವಾ. ಹಾಗಂತ ಅಂಕಿಅಂಶದಲ್ಲಿ ವ್ಯತ್ಯಾಸ ಕಂಡ ತಕ್ಷಣ ಕೇಸ್ ಗೆದ್ದಂಗಲ್ಲ, ಆ ರೂಲು ಕೆಲಸಕ್ಕೆ ನಿಜವಾಗ್ಲೂ ಬೇಕು ಅಂತ ಕಂಪನಿ ತೋರಿಸಿದ್ರೆ ಉಳಿಯುತ್ತೆ, ಆಗ್ಲೂ ಕಡಿಮೆ ಹಾನಿ ಮಾಡೋ ಬೇರೆ ದಾರಿ ಇದ್ದು ಕಂಪನಿ ಬೇಡ ಅಂದಿದ್ರೆ ಕೆಲಸಗಾರ ಗೆಲ್ಲಬಹುದು, ಅಲ್ಲಿನ ನಾಗರಿಕ ಹಕ್ಕುಗಳ ಕಾನೂನಿಗೆ 1991ರಲ್ಲಿ ಮಾಡಿದ ತಿದ್ದುಪಡಿಲಿ ಇದನ್ನ ಬರೆದೇ ಇಟ್ಟಿದ್ದಾರೆ.